ಯೀಸ್ಟ್ ಸ್ಟಾರ್ಟರ್‌ಗೆ ಗಾಜಿನ ಪಾತ್ರೆ: ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ?

ಪ್ರಶ್ನೆ (ಕೊಲಂಬಸ್, ಒಹಾಯೊ)

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಮನೆಯಲ್ಲೇ ಬಿಯರ್ ತಯಾರಿಸುತ್ತಿದ್ದೇನೆ. ಇಲ್ಲಿಯವರೆಗೆ ಒಣ ಯೀಸ್ಟ್ ಪೊಟ್ಟಣವನ್ನು ನೇರವಾಗಿ ಸುರಿದು ಕೆಲಸ ಸಾಗಿಸಿದ್ದೆ. ಈಗ ದ್ರವ ಯೀಸ್ಟ್ ಬಳಸಬೇಕೆಂದಿದ್ದೇನೆ. ಹೊಸ ದೋಸೆ ಹಿಟ್ಟಿಗೆ ಹುದುಗಿದ ಹಳೆಯ ಹಿಟ್ಟನ್ನು ಬೆರೆಸುವಂತೆ, ಮೊದಲು ಸ್ವಲ್ಪ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಷಾಯದಲ್ಲಿ ಯೀಸ್ಟನ್ನು ಬೆಳೆಸಿಕೊಂಡು, ಅಂದರೆ ಸ್ಟಾರ್ಟರ್ ಮಾಡಿಕೊಂಡು, ಆಮೇಲೆ 19 ಲೀಟರಿನ ದೊಡ್ಡ ಪಾತ್ರೆಗೆ ಸೇರಿಸಬೇಕು ಎಂಬುದು ತಿಳಿಯಿತು. ಅದಕ್ಕೆ ಬೇಕಾದ ಪಾತ್ರೆಗಳದ್ದೇ ಚಿಂತೆ. ಇಲ್ಲಿನ ಅಂಗಡಿಯಲ್ಲಿ 2 ಲೀಟರಿನ ಕೋನಿಕಲ್ ಫ್ಲಾಸ್ಕ್, ಕಲಕುವ ಯಂತ್ರ, ಅಳತೆ ಜಾಡಿ ಎಲ್ಲ ಸೇರಿದ ಕಿಟ್‌ಗೆ 130 ಡಾಲರ್ ಹೇಳಿದರು. ಅಷ್ಟು ಖರ್ಚು ಅಗತ್ಯವೇ? ಪ್ರಯೋಗಾಲಯಗಳಲ್ಲಿ ಬಳಸಿ ಮಾರುವ ಹಳೆಯ ಗಾಜು ಕೊಳ್ಳಬಹುದೇ? ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಹುಬ್ಬಳ್ಳಿಯಿಂದ ಬರುತ್ತಿದ್ದಾರೆ. ಅವರ ಕೈಯಲ್ಲಿ ತರಿಸುವುದು ಲಾಭವೇ? ನಮ್ಮ ಮನೆಯಲ್ಲಿರುವುದು ಗಾಜಿನ ಮೇಲ್ಮೈಯ ವಿದ್ಯುತ್ ಒಲೆ. ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ಮಿನಿಯಾಪೊಲಿಸ್‌ನಿಂದ

ಎಂಟು ವರ್ಷಗಳಿಂದ ಸ್ಟಾರ್ಟರ್ ಮಾಡುತ್ತಿದ್ದೇನೆ, ಒಂದು ಫ್ಲಾಸ್ಕನ್ನು ಒಡೆದುಕೊಂಡಿದ್ದೇನೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಎಷ್ಟು ದೊಡ್ಡ ಪಾತ್ರೆ ಬೇಕು ಎಂಬ ಲೆಕ್ಕ. ಬೆಚ್ಚಗೆ ಹುದುಗುವ ಏಲ್ ಜಾತಿಯ ಬಿಯರಿಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೊಗೆ (ಕಷಾಯದಲ್ಲಿರುವ ಸಕ್ಕರೆಯ ಅಳತೆ) 7.5 ಲಕ್ಷ ಯೀಸ್ಟ್ ಕೋಶಗಳು ಬೇಕು ಎನ್ನುವುದು ರೂಢಿಯ ಅಳತೆ. ತಂಪಿನಲ್ಲಿ ಹುದುಗುವ ಲಾಗರ್‌ಗೆ ಇದರ ಎರಡರಷ್ಟು. 19 ಲೀಟರ್, 12 ಡಿಗ್ರಿ ಪ್ಲೇಟೊ ಎಂದು ಹಿಡಿದರೆ ಸುಮಾರು 17,000 ಕೋಟಿ ಕೋಶಗಳಾಗುತ್ತವೆ. ದ್ರವ ಯೀಸ್ಟಿನ ಒಂದು ಹೊಸ ಪೊಟ್ಟಣದಲ್ಲಿ ಸುಮಾರು 10,000 ಕೋಟಿ ಇರುತ್ತವೆ, ಮತ್ತು ದಿನ ಕಳೆದಂತೆ ಅವು ಸಾಯುತ್ತಾ ಹೋಗುತ್ತವೆ. ಈ ಕೊರತೆಯನ್ನು ತುಂಬಲು ಒಂದರಿಂದ ಒಂದೂವರೆ ಲೀಟರ್ ಸ್ಟಾರ್ಟರ್ ಸಾಕು; ನೊರೆಗೆ ಜಾಗ ಬಿಟ್ಟರೂ 2 ಲೀಟರಿನ ಫ್ಲಾಸ್ಕಿನಲ್ಲಿ ಅದು ಹಿಡಿಯುತ್ತದೆ. 5 ಲೀಟರಿನದನ್ನು ಲಾಗರ್ ಮಾಡುವ ದಿನಕ್ಕೆ ಬಿಡಿ.

ಇನ್ನು ನಾನು ಮಾಡಿದ ತಪ್ಪು. ಕೋನಿಕಲ್ ಫ್ಲಾಸ್ಕ್ ಎಂದರೆ ಒಲೆಯ ಮೇಲೆ ಕಷಾಯ ಕುದಿಸಿ, ಹಾಗೆಯೇ ತಣ್ಣೀರಿಗೆ ಇಳಿಸಿ, ಅದರಲ್ಲೇ ಯೀಸ್ಟ್ ಹಾಕುವ ಪಾತ್ರೆ ಎಂದು ನಾನು ನಂಬಿದ್ದೆ. ಹಾಲು ಉಕ್ಕುವುದನ್ನು ನಾವೆಲ್ಲ ಕಂಡವರೇ. ಆದರೆ ಅಗಲ ಬಾಯಿಯ ಪಾತ್ರೆಯಲ್ಲಿ ಉಕ್ಕುವುದಕ್ಕೂ ಮೇಲೆ ಹೋದಂತೆ ಕಿರಿದಾಗುವ ಪಾತ್ರೆಯಲ್ಲಿ ಉಕ್ಕುವುದಕ್ಕೂ ಬಹಳ ವ್ಯತ್ಯಾಸವಿದೆ. ಮಾಲ್ಟಿನ ನೊರೆ ಕುತ್ತಿಗೆಯ ಹತ್ತಿರ ಬರುತ್ತಿದ್ದಂತೆ ಚಿಮ್ಮಿ ಒಲೆಯ ತುಂಬ ಹರಡಿ, ಸಕ್ಕರೆ ಕರಿಯಾಗಿ ಅಂಟಿಕೊಂಡಿತು. ಎರಡನೆಯ ಸಲ ಜಾಗರೂಕತೆಯಿಂದ ಕುದಿಸಿದೆ, ಸಿಂಕಿನಲ್ಲಿ ಮಂಜುಗಡ್ಡೆ ಹಾಕಿದ ನೀರಿಗೆ ಇಳಿಸಿದೆ. ಟಿಕ್ ಎಂದು ಒಂದು ಸಣ್ಣ ಶಬ್ದ ಬಂತು, ಅಷ್ಟೇ. ಮೇಲೆತ್ತಿದರೆ ಫ್ಲಾಸ್ಕಿನ ತಳ ಚಾಕುವಿನಿಂದ ಕೊಯ್ದ ಹಾಗೆ ದುಂಡಗೆ ಬೇರೆಯಾಗಿ ನೀರಿನಲ್ಲೇ ಉಳಿದಿತ್ತು. ಶಾಖ ತಡೆಯುತ್ತದೆ ಎಂಬ ಚೀಟಿಯೊಂದು ಅದಕ್ಕಿತ್ತು, ಆದರೆ ಯಾವ ಗಾಜು ಎಂಬ ಗುರುತು ಎಲ್ಲಿಯೂ ಇರಲಿಲ್ಲ. ತೊಳೆಯುವಾಗ ಸ್ಟೀಲ್ ನಾರಿನಿಂದ ಉಜ್ಜಿ ಒಳಗೆ ಗೀರು ಮಾಡಿದ್ದವನೂ ನಾನೇ.

ಅಂದಿನಿಂದ ಕುದಿಸುವ ಕೆಲಸವನ್ನು ಸ್ಟೀಲ್ ಪಾತ್ರೆಗೆ ಬಿಟ್ಟಿದ್ದೇನೆ. ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ, ಹತ್ತು ಹದಿನೈದು ನಿಮಿಷ ಕುದಿ, ಮುಚ್ಚಳ ಮುಚ್ಚಿ ಪಾತ್ರೆಯನ್ನೇ ತಣ್ಣೀರಿನಲ್ಲಿಟ್ಟು 20-22 ಡಿಗ್ರಿಗೆ ಇಳಿಸುವುದು, ಸ್ಯಾನಿಟೈಜರ್ ದ್ರಾವಣದಲ್ಲಿ ತೊಳೆದ ಫ್ಲಾಸ್ಕಿಗೆ ಸುರಿಯುವುದು. ಸಾಂದ್ರತೆ (ನೀರಿನದು 1 ಎಂದರೆ) ಸರಿಸುಮಾರು 1.037 ಬರುತ್ತದೆ, ಯೀಸ್ಟಿಗೆ ಹಿತವಾದ ಅಳತೆ.

ಹೀಗೆ ಮಾಡಿದರೆ ಫ್ಲಾಸ್ಕ್ ಬೆಂಕಿಯನ್ನು ನೋಡುವುದೇ ಇಲ್ಲ. ಹಾಗಾದರೆ ಹಣವನ್ನು ಏತಕ್ಕೆ ಕೊಡಬೇಕು? ನನ್ನ ಮಟ್ಟಿಗೆ ಉತ್ತರ ಒಂದೇ: ಸಮತಟ್ಟಾದ ತಳಕ್ಕೆ. ಸ್ಟಾರ್ಟರನ್ನು ಕಲಕುವುದು ಗುಳಿಗೆಯಂತಿರುವ ಸಣ್ಣ ಬಿಳಿ ಅಯಸ್ಕಾಂತ. ಪಾತ್ರೆಯ ತಳ ಉಬ್ಬಿದ್ದರೆ ಅದು ಜಾರಿ ಪಕ್ಕಕ್ಕೆ ಹೋಗಿ ಕಟಕಟ ಬಡಿಯುತ್ತಾ ನಿಂತುಬಿಡುತ್ತದೆ. ಕೊಳ್ಳುವಾಗ ಆ ಗುಳಿಗೆಯನ್ನು ಜೊತೆಗೆ ಒಯ್ದು, ಫ್ಲಾಸ್ಕಿಗೆ ಹಾಕಿ, ಮಧ್ಯದಲ್ಲಿ ನಿಲ್ಲುತ್ತದೆಯೇ ಎಂದು ನೋಡಿಕೊಳ್ಳಿ. ಹೆಸರಿಲ್ಲದ ಆದರೆ 3.3 ಗುರುತಿರುವ (ಶಾಖ ತಡೆಯುವ ಬೋರೋಸಿಲಿಕೇಟ್ ಗಾಜಿನ ಗುರುತು) 2 ಲೀಟರಿನ ಫ್ಲಾಸ್ಕ್ ನನಗೆ 24 ಡಾಲರಿಗೆ ಸಿಕ್ಕಿತು, ಆರು ವರ್ಷದಿಂದ ನಡೆಯುತ್ತಿದೆ.

ಕಲಕುವ ಯಂತ್ರವನ್ನು ದಯವಿಟ್ಟು ಕೊಳ್ಳಬೇಡಿ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್, ಕೆಟ್ಟ ಹಾರ್ಡ್ ಡಿಸ್ಕಿನಿಂದ ತೆಗೆದ ಎರಡು ಅಯಸ್ಕಾಂತ, ವೇಗ ಹೊಂದಿಸಲು ಒಂದು ರೆಗ್ಯುಲೇಟರ್, ಮೇಲೆ ಹೊದಿಸಲು ತೆಳುವಾದ ಅಕ್ರಿಲಿಕ್ ಹಾಳೆ, ಇಷ್ಟೇ ಸಾಕು. ನನಗೆ 14 ಡಾಲರ್ ಆಯಿತು. ಅಯಸ್ಕಾಂತಗಳು ಫ್ಯಾನಿನ ನಡುವಿಗೆ ಸರಿಯಾಗಿ ಕೂರಬೇಕು, ಒಂದು ಕೂದಲೆಳೆ ಆಚೀಚೆ ಆದರೂ ಫ್ಯಾನ್ ನಡುಗುತ್ತದೆ. ದ್ರವದ ಮೇಲೆ ಸಣ್ಣ ಸುಳಿಯೊಂದು ಕಂಡರೆ ಸಾಕು, ಪಾತಾಳದವರೆಗೆ ಸುಳಿ ಬೇಕಿಲ್ಲ. ಬಾಯಿಗೆ ಅಲ್ಯುಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ. ಬಿರಡೆ ಬಿಗಿದರೆ ಬೆಳೆಯುವ ಯೀಸ್ಟಿಗೆ ಬೇಕಾದ ಆಮ್ಲಜನಕ ಸಿಗುವುದಿಲ್ಲ. ಒಂದೂವರೆ ದಿನ ಕಲಕಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಯೀಸ್ಟ್ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಸಿಯುವಾಗ ಹೊರಗಿನಿಂದ ಇನ್ನೊಂದು ಅಯಸ್ಕಾಂತ ಹಿಡಿದುಕೊಂಡರೆ ಗುಳಿಗೆ ಯೀಸ್ಟಿನ ಜೊತೆ ದೊಡ್ಡ ಪಾತ್ರೆಗೆ ಬೀಳುವುದಿಲ್ಲ.

ಅಳತೆ ಜಾಡಿ ಪ್ಲಾಸ್ಟಿಕ್ಕಿನದೇ ಸಾಕು. ಬೀಕರ್ ಬೇಡವೇ ಬೇಡ. ಫ್ಲಾಸ್ಕಿನ ಮೇಲಿನ ಗೆರೆಗಳು ಶೇಕಡಾ 5ರಷ್ಟು ಆಚೀಚೆ ಇರುತ್ತವೆ, ಅವನ್ನು ನೆಚ್ಚದೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ.

ಆ್ಯನ್ ಆರ್ಬರ್‌ನಿಂದ

ಹಳೆಯ ಪ್ರಯೋಗಾಲಯದ ಗಾಜಿನ ಬಗ್ಗೆ ಕೇಳಿದ್ದೀರಿ. ಜೀವಶಾಸ್ತ್ರದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳಾಗಿ ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ಹಿಂದೆ ಏನು ತುಂಬಿದ್ದರು ಎಂದು ತಿಳಿಯದ ಗಾಜನ್ನು ಬಾಯಿಗೆ ಹೋಗುವ ಯಾವ ವಸ್ತುವಿಗೂ ಬಳಸಬೇಡಿ. ವಿಶ್ವವಿದ್ಯಾಲಯಗಳು ಬೇಡವಾದ ಸಾಮಾನನ್ನು ಸಾರ್ವಜನಿಕರಿಗೆ ಮಾರುವ ಮಳಿಗೆಗಳಿವೆ, ಬೆಲೆಯೂ ಆಸೆ ಹುಟ್ಟಿಸುವಂತಿರುತ್ತದೆ. ನಾನೇ ಐದು ಫ್ಲಾಸ್ಕುಗಳನ್ನು 10 ಡಾಲರಿಗೆ ತಂದಿದ್ದೆ. ಮನೆಗೆ ಬಂದು ಬೆಳಕಿಗೆ ಹಿಡಿದಾಗ ಒಂದರ ಒಳಗೋಡೆಯಲ್ಲಿ ಮಂಜು ಕವಿದಂಥ ಬಿಳುಪು ಕಂಡಿತು. ಎಷ್ಟು ತೊಳೆದರೂ ಹೋಗಲಿಲ್ಲ. ಆಗ ನಾನು ನಮ್ಮ ಪ್ರಯೋಗಾಲಯದ ಫ್ಲಾಸ್ಕುಗಳನ್ನು ನೆನೆಸಿಕೊಂಡೆ. ಡಿಎನ್‌ಎ ಪರೀಕ್ಷೆಗೆ ಅಗರೋಸ್ ಎಂಬ ಜೆಲ್ಲಿ ಪುಡಿಯನ್ನು ಕರಗಿಸುವುದು ಇಂಥ ಫ್ಲಾಸ್ಕಿನಲ್ಲೇ, ಮತ್ತು ಎಷ್ಟೋ ಕಡೆ ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣವನ್ನು ಅದಕ್ಕೇ ಬೆರೆಸುತ್ತಾರೆ. ಅದನ್ನು ನಾವು ಕೈಗವಸಿಲ್ಲದೆ ಮುಟ್ಟುವುದಿಲ್ಲ. ಆ ಐದರಲ್ಲೂ ಈಗ ಮನಿಪ್ಲಾಂಟ್ ಬೆಳೆಯುತ್ತಿದೆ. ಮುದ್ರೆ ಒಡೆಯದ ಹೊಸ ಪೆಟ್ಟಿಗೆ ಅದೇ ಮಳಿಗೆಯಲ್ಲಿ ಸಿಕ್ಕರೆ ಮಾತ್ರ ಸಂತೋಷವಾಗಿ ಕೊಳ್ಳಿ.

ಒಂದು ಸೇರಿಸಬೇಕಾದ ಮಾತು. ನಮ್ಮೂರಿನ ಕುಕ್ಕರ್ ನಿಮ್ಮ ಮನೆಯಲ್ಲಿದ್ದರೆ ಸಣ್ಣ ಪಾತ್ರೆಗಳನ್ನು ಕ್ರಿಮಿರಹಿತಗೊಳಿಸಲು ಬೇರೆ ಉಪಕರಣ ಬೇಕಿಲ್ಲ. ಅದರ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡ್, ಅಂದರೆ ಒಳಗೆ 121 ಡಿಗ್ರಿ ಸೆಲ್ಸಿಯಸ್ ಹತ್ತಿರ, ಪ್ರಯೋಗಾಲಯದ ಆಟೊಕ್ಲೇವಿನಷ್ಟೇ. 250 ಮಿಲಿಲೀಟರಿನ ಫ್ಲಾಸ್ಕ್ ಸುಮಾರು 14 ಸೆಂಟಿಮೀಟರ್ ಎತ್ತರವಿದ್ದು ಕುಕ್ಕರಿನಲ್ಲಿ ನಿಲ್ಲುತ್ತದೆ. 2 ಲೀಟರಿನದು 28 ಸೆಂಟಿಮೀಟರ್, ಅದರ ಆಸೆ ಬೇಡ. ನೀಲಿ ಮುಚ್ಚಳದ ಸ್ಕ್ರೂ ಬಾಟಲಿಗಳು ಬಹಳ ಅನುಕೂಲ, ಆದರೆ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಟ್ಟೇ ಇಡಬೇಕು. 20 ನಿಮಿಷದ ನಂತರ ಒಲೆ ಆರಿಸಿ ತಾನಾಗಿ ತಣಿಯಲು ಬಿಡಿ; ಅವಸರದಿಂದ ವೆಯ್ಟ್ ಎತ್ತಿದರೆ ಬಾಟಲಿಯೊಳಗಿನ ದ್ರವವೆಲ್ಲ ಕುದಿದು ಹೊರಗೆ ಬರುತ್ತದೆ. ಮಾಲ್ಟ್ ಕಷಾಯವನ್ನು ಬರೀ ಕುದಿಸಿ ಬಾಟಲಿಯಲ್ಲಿ ತುಂಬಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡುವವರನ್ನು ಕಂಡಿದ್ದೇನೆ, ಅದು ಅಪಾಯ. ಕಷಾಯದ ಪಿಎಚ್ 4.6ಕ್ಕಿಂತ ಹೆಚ್ಚಿರುವುದರಿಂದ ಅದರಲ್ಲಿ ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ಬೀಜಕಣಗಳು ಬರೀ ಕುದಿಗೆ ಸಾಯುವುದಿಲ್ಲ. ಬೇಕಾದಾಗ ಬೇಕಾದಷ್ಟೇ ಹೊಸದಾಗಿ ಮಾಡಿಕೊಳ್ಳಿ.

ಆಸ್ಟಿನ್‌ನಿಂದ

ನಮ್ಮ ಟೆಕ್ಸಾಸ್‌ನಲ್ಲಿ ಹಿಂದೆ ಕೋನಿಕಲ್ ಫ್ಲಾಸ್ಕ್ ಕೊಳ್ಳಲು ಸರ್ಕಾರದ ಅನುಮತಿ ಪತ್ರ ಬೇಕಿತ್ತು, ಆದ್ದರಿಂದ ನಾನು ಫ್ಲಾಸ್ಕಿನ ಗೋಜಿಗೇ ಹೋಗಲಿಲ್ಲ. ಸೇಬಿನ ರಸ ತುಂಬಿ ಮಾರುವ ಒಂದು ಗ್ಯಾಲನ್ನಿನ ಗಾಜಿನ ಜಾಡಿ 8 ಡಾಲರಿಗೆ ಬರುತ್ತದೆ, ರಸ ಕುಡಿದು ಮುಗಿಸಿ ಜಾಡಿ ಉಳಿಸಿಕೊಂಡೆ. ತಣಿದ ಕಷಾಯ ಒಂದು ಲೀಟರ್ ಹಾಕಿ, ಬಿಗಿಯಾಗಿ ಮುಚ್ಚಿ, ಜಾಡಿಯ ತುಂಬ ನೊರೆ ಆಗುವವರೆಗೆ ಜೋರಾಗಿ ಕುಲುಕಿ, ಯೀಸ್ಟ್ ಸೇರಿಸಿ, ಮುಚ್ಚಳ ಸಡಿಲಿಸಿ ಇಡುತ್ತೇನೆ. ಅಯಸ್ಕಾಂತವೂ ಇಲ್ಲ, ಫ್ಯಾನೂ ಇಲ್ಲ. ಈ ಜಾಡಿಗೆ ಬಿಸಿ ದ್ರವ ಮಾತ್ರ ಸುರಿಯಲೇಬೇಡಿ, ಸಾಮಾನ್ಯ ಗಾಜು ಸೀಳುತ್ತದೆ.

ಧಾರವಾಡದಿಂದ

ನಾನು ರಸಾಯನಶಾಸ್ತ್ರದ ನಿವೃತ್ತ ಉಪನ್ಯಾಸಕ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ, ಆದ್ದರಿಂದ ಆ ಕಸುಬಿನ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಗಾಜಿನ ಜೊತೆ ಮೂವತ್ತೈದು ವರ್ಷ ಕಳೆದವನು, ಆ ಬಗ್ಗೆ ನಾಲ್ಕು ಮಾತು ಹೇಳಬಲ್ಲೆ.

ಮೇಲೆ ಹೇಳಿರುವ 3.3 ಎಂಬ ಗುರುತು ಬೋರೋಸಿಲಿಕೇಟ್ ಗಾಜು ಬಿಸಿಗೆ ಎಷ್ಟು ಹಿಗ್ಗುತ್ತದೆ ಎಂಬುದರ ಅಳತೆ: ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 3.3 ಪಾಲು. ಸಾಮಾನ್ಯ ಸೋಡಾ ಗಾಜು ಸುಮಾರು 9 ಪಾಲು ಹಿಗ್ಗುತ್ತದೆ. ಒಳಗೆ ಬಿಸಿ, ಹೊರಗೆ ತಂಪು ಎಂದಾಗ ಒಂದು ಪದರ ಹಿಗ್ಗಿ ಇನ್ನೊಂದು ಕುಗ್ಗುವ ಎಳೆದಾಟದಲ್ಲೇ ಗಾಜು ಬಿರಿಯುವುದು. ಗೀರು ಇದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಗುರುತನ್ನು ನಂಬದವರು ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ಬಟ್ಟಲಿನಲ್ಲಿ ಸೂರ್ಯಕಾಂತಿ ಎಣ್ಣೆ ತುಂಬಿ, ಫ್ಲಾಸ್ಕನ್ನು ತಲೆಕೆಳಗಾಗಿ ಹಿಡಿದು ಅದರ ಬಾಯಂಚನ್ನು ಒಳಗೂ ಹೊರಗೂ ಎಣ್ಣೆ ತಾಗುವಂತೆ ಅದ್ದಿ. ಬೋರೋಸಿಲಿಕೇಟಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.47, ಎಣ್ಣೆಯದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಅದ್ದಿದ ಭಾಗ ಕಣ್ಣೆದುರೇ ಮಾಯವಾದಂತೆ ಕಾಣುತ್ತದೆ. ಸೋಡಾ ಗಾಜಿನದು 1.52, ಅದರ ಅಂಚು ಎಣ್ಣೆಯಲ್ಲೂ ಎದ್ದು ಕಾಣುತ್ತದೆ. ಈ ಪ್ರಯೋಗ ತೋರಿಸಿದಾಗ ನನ್ನ ವಿದ್ಯಾರ್ಥಿಗಳ ಮುಖದಲ್ಲಿ ಕಂಡ ಬೆರಗು ಇಂದಿಗೂ ನನಗೆ ನೆನಪಿದೆ. ಇನ್ನೊಂದು ಪರೀಕ್ಷೆ ಇದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಪೋಲರಾಯ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗಿ ಕಾಣುವವರೆಗೆ ತಿರುಗಿಸಿ, ನಡುವೆ ಫ್ಲಾಸ್ಕ್ ಹಿಡಿಯಿರಿ. ತಯಾರಿಕೆಯಲ್ಲಿ ಸರಿಯಾಗಿ ಹದಗೊಳ್ಳದೆ ಒಳಗೆ ಬಿಗಿತ ಉಳಿದಿದ್ದರೆ ಆ ಜಾಗದಲ್ಲಿ ಬೆಳಕಿನ ಪಟ್ಟಿಗಳು ಕಾಣುತ್ತವೆ. ತಳ ಮತ್ತು ಗೋಡೆ ಸೇರುವ ತಿರುವಿನಲ್ಲಿ ಅಂಥ ಪ್ರಖರ ಪಟ್ಟಿ ಕಂಡ ಫ್ಲಾಸ್ಕನ್ನು ಹಿಂದಿರುಗಿಸಿಬಿಡಿ. ಮಿನಿಯಾಪೊಲಿಸ್‌ನವರ ಫ್ಲಾಸ್ಕ್ ಒಡೆದದ್ದೂ ಅದೇ ಜಾಗದಲ್ಲಿ ಎಂಬುದನ್ನು ಗಮನಿಸಿ.

ಹಳೆಯ ಗಾಜಿನ ಬಗ್ಗೆ ಆ್ಯನ್ ಆರ್ಬರ್‌ನ ಮೇಡಂ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಕಾಲದಲ್ಲಿ ಫ್ಲಾಸ್ಕುಗಳನ್ನು ಕ್ರೋಮಿಕ್ ಆಮ್ಲದಲ್ಲಿ ತೊಳೆಯುತ್ತಿದ್ದೆವು. ಅದರ ಕ್ರೋಮಿಯಂ ಗಾಜಿಗೆ ಅಂಟಿಕೊಂಡು ಹಲವು ಸಲ ತೊಳೆದರೂ ಪೂರ್ತಿ ಬಿಡುವುದಿಲ್ಲ. ಹೊಳೆಯುವ ಫ್ಲಾಸ್ಕ್ ಶುದ್ಧ ಎಂದು ತಿಳಿಯಬಾರದು.

ಭಾರತದಿಂದ ತರಿಸುವ ವಿಚಾರ. 1962ರಿಂದ ಇರುವ ಬೋರೋಸಿಲ್ ನಮ್ಮ ಕಾಲೇಜುಗಳಿಗೆಲ್ಲ ಪರಿಚಿತ, ಗಾಜೂ ಒಳ್ಳೆಯದು. ಆದರೂ 2 ಲೀಟರಿನ ಫ್ಲಾಸ್ಕನ್ನು ನಿಮ್ಮ ತಂದೆ ತಾಯಿಯ ಸೂಟ್‌ಕೇಸಿಗೆ ಹೊರಿಸಬೇಡಿ, ತಮ್ಮಾ. ನೀವು ಅಲ್ಲಿ ಉಳಿಸುವ ಹತ್ತು ಡಾಲರಿಗೆ ಅವರು ದಾರಿಯುದ್ದಕ್ಕೂ ಅದರ ಚಿಂತೆಯನ್ನೇ ಹೊತ್ತು ಬರುತ್ತಾರೆ. 250 ಮಿಲಿಲೀಟರಿನ ಒಂದೆರಡು ಫ್ಲಾಸ್ಕ್, ಮುಚ್ಚಳವಿರುವ ಹತ್ತು ಪ್ರನಾಳಗಳು ತರಿಸಿದರೆ ಸಾಕು. ಒಳಗೆ ಒಗೆದ ಕಾಲುಚೀಲ ತುರುಕಿ, ಹೊರಗೆ ಸೀರೆ ಸುತ್ತಿದರೆ ಏನೂ ಆಗುವುದಿಲ್ಲ.

ಕೊಲಂಬಸ್‌ನಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. 2 ಲೀಟರಿನ ಹೊಸ ಫ್ಲಾಸ್ಕಿಗೆ 26 ಡಾಲರ್, ಗುಳಿಗೆಗೆ 5, ಫ್ಯಾನ್ ಮತ್ತು ರೆಗ್ಯುಲೇಟರಿಗೆ 11, ಒಟ್ಟು 42 ಡಾಲರ್ ಆಯಿತು. ಮೊದಲು ತಂದ ಫ್ಲಾಸ್ಕ್ ಎಣ್ಣೆಯ ಪರೀಕ್ಷೆಯಲ್ಲಿ ಗೆದ್ದಿತು, ಆದರೆ ತಳ ಒಳಗೆ ಉಬ್ಬಿದ್ದರಿಂದ ಗುಳಿಗೆ ನಿಲ್ಲಲಿಲ್ಲ. ಅಂಗಡಿಯವರು ತಕರಾರಿಲ್ಲದೆ ಬದಲಾಯಿಸಿಕೊಟ್ಟರು. ಅಯಸ್ಕಾಂತಗಳನ್ನು ನಡುವಿಗೆ ಕೂರಿಸಲು ಎರಡು ಸಂಜೆ ಹಿಡಿಯಿತು. ಅಪ್ಪನಿಗೆ ಫೋನಿನಲ್ಲಿ ಪ್ರನಾಳಗಳನ್ನು ಮಾತ್ರ ಹೇಳಿದ್ದೇನೆ. ಇಂದು ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದು ನೋಡಿದೆ: ಮೇಲೆ ಚಹಾದ ಬಣ್ಣದ ತಿಳಿ, ತಳದಲ್ಲಿ ಗಟ್ಟಿ ಮೊಸರಿನಂತೆ ಬೆರಳು ದಪ್ಪದ ಕೆನೆಬಣ್ಣದ ಪದರ. ಸಂಜೆ ಅದನ್ನು 19 ಲೀಟರಿಗೆ ಸೇರಿಸುತ್ತೇನೆ.