ಅಪ್‌ಡೇಟ್: ಸಹಪಾಠಿಗಳಿಂದ ಕೊನೆಗೂ ಉಪಯುಕ್ತ ಅಭಿಪ್ರಾಯ ಬಂತು

ಕರಡನ್ನು ಓದಿದ ಸಹಪಾಠಿಗಳು "ಚೆನ್ನಾಗಿದೆ" ಎಂದಷ್ಟೇ ಹೇಳುತ್ತಾರೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ, 1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಕುರಿತ ಪ್ರಬಂಧವನ್ನು ಈ ಸಲ ಇಡಿಯಾಗಿ ಕೊಡದೆ, ಎರಡನೆಯ ಪುಟವನ್ನು ಮಾತ್ರ ಕೊಟ್ಟು, "ತಿದ್ದುವುದು ಬೇಡ, ಅರ್ಥವಾಗದೆ ನಿಂತ ಕಡೆ ಪೆನ್ಸಿಲಿನಿಂದ ಗೆರೆ ಎಳೆದು ನಿಮ್ಮ ಪ್ರಶ್ನೆಯನ್ನು ಬರೆಯಿರಿ" ಎಂದು ಕೇಳಿಕೊಂಡೆ. ಮಂಜೇಶ್ವರದ ಗೆಳತಿಯೊಬ್ಬಳು ಚಂದ್ರಗಿರಿ ಹೊಳೆಯ ಉಲ್ಲೇಖವಿದ್ದ ವಾಕ್ಯದ ಅಂಚಿನಲ್ಲಿ, "ಇಲ್ಲಿ ಹೊಳೆ ಏಕೆ ಬಂತು?" ಎಂದು ಬರೆದಿದ್ದಳು. ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂಬ ಮಹಾಜನ ಆಯೋಗದ 1967ರ ಶಿಫಾರಸು ನಾಲ್ಕನೆಯ ಪುಟದಲ್ಲಿತ್ತು. ಈಗ ಅದನ್ನು ಆ ವಾಕ್ಯದ ಪಕ್ಕಕ್ಕೇ ತಂದಿದ್ದೇನೆ. ಬೇಡವೆಂದರೂ ಕಾಗುಣಿತ ತಿದ್ದಿದವರಿದ್ದಾರೆ, ಇರಲಿ. ಮುಂದೆ ಉಪಸಂಹಾರವನ್ನೂ ಹೀಗೆಯೇ ಓದಿಸಲಿದ್ದೇನೆ.