ನದಿ ಕಡಲು ಸೇರುವ ಅಳಿವೆಯಲ್ಲಿ ಅಡ್ಡ ದಾಟುವಾಗ ದಾರಿ ಬಿಡಬೇಕಾದವರು ಯಾರು?

ಹೊಸ ದೋಣಿ, ಗಂಗೊಳ್ಳಿ:
ನನ್ನದು ಸಣ್ಣ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್. ನಿನ್ನೆ ಕತ್ತಲಾಗುವ ಹೊತ್ತಿಗೆ ಗಂಗೊಳ್ಳಿಯಿಂದ ಕೋಡಿ ಕಡೆಗೆ ದಾಟುತ್ತಿದ್ದೆ. ಜೊತೆಗೆ ಹನ್ನೊಂದು ವರ್ಷದ ಮಗ. ಬಲಗಡೆ ಕಡಲಿಂದ ಟ್ರಾಲ್ ಬೋಟ್ ಒಳಗೆ ಬಂತು. ಅದರ ಮುಂದಿನಿಂದಲೇ ದಾಟಿಬಿಡೋಣ ಅಂತ ಎಂಜಿನ್ ಏರಿಸಿದೆ. ಅವರು ಐದಾರು ಸಲ ಹಾರ್ನ್ ಹೊಡೆದರು. ಬೈಯುತ್ತಿದ್ದಾರೆ ಅಂದುಕೊಂಡೆ. ಎರಡು ಮಾರು ಅಂತರದಲ್ಲಿ ತಪ್ಪಿತು. ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಯಾರದ್ದು?

ಹಳೇ ತಂಡೇಲ, ಮಲ್ಪೆ:
ಮಗ ಹುಷಾರಾಗಿದ್ದಾನಲ್ಲ, ಅದು ಸಾಕು. ದಾರಿ ಬಿಡಬೇಕಿದ್ದವರು ನೀವೇ. ಕಡಲಲ್ಲಿ ಡಿಕ್ಕಿ ತಪ್ಪಿಸಲು ಇರುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ 15ನೆಯದು ಇದನ್ನೇ ಹೇಳುತ್ತದೆ. ಎರಡು ಎಂಜಿನ್ ಬೋಟ್ ಅಡ್ಡ ಹಾಯುವಾಗ, ಯಾರ ಬಲಕ್ಕೆ ಇನ್ನೊಂದು ಇದೆಯೋ ಅವರು ಬಿಡಬೇಕು. ಕತ್ತಲಲ್ಲಿ ಇನ್ನೂ ಸುಲಭ. ಬೋಟಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ನಿಮಗೆ ಅಡ್ಡ ಬರುವವರ ಕೆಂಪು ಕಂಡರೆ ನಿಧಾನ ಮಾಡಿ, ಬಲಕ್ಕೆ ತಿರುಗಿಸಿ, ಅವರ ಹಿಂದಿನಿಂದ ಹೋಗಿ.

ಆ ಹಾರ್ನ್ ಬೈಗುಳ ಅಲ್ಲ ಮಾರಾಯ್ರೆ. ಒಂದು ಚಿಕ್ಕ ಹಾರ್ನ್ ಅಂದರೆ 'ಬಲಕ್ಕೆ ತಿರುಗುತ್ತಿದ್ದೇನೆ'. ಎರಡು, ಎಡಕ್ಕೆ. ಮೂರು, ಎಂಜಿನ್ ಹಿಂದಕ್ಕೆ. ಐದು ಹೊಡೆದರೆ 'ನೀವೇನು ಮಾಡ್ತಿದ್ದೀರಿ, ಗೊತ್ತಾಗ್ತಿಲ್ಲ' ಅಂತ.

ಅಳಿವೆಯಲ್ಲಿ ಒಳಗೆ ಬರುವ ಬೋಟನ್ನು ತೆರೆ ಹಿಂದಿನಿಂದ ನೂಕುತ್ತಿರುತ್ತದೆ. ಅಲ್ಲಿ ಏಕಾಏಕಿ ವೇಗ ಇಳಿಸಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ, ಬೋಟ್ ಅಡ್ಡ ಬೀಳುತ್ತದೆ. ಒಮ್ಮೆ ನನಗೇ ಹಾಗಾಗಿ ಇಬ್ಬರು ನೀರಿಗೆ ಬಿದ್ದಿದ್ದರು. ಆಳವಿರುವ ಜಾಗವೂ ಕಿರಿದು, ಪಕ್ಕಕ್ಕೆ ಸರಿದರೆ ಮರಳು. ಅದಕ್ಕೇ ಸಣ್ಣ ದೋಣಿ ಕಾಯಬೇಕು. ನಿಮ್ಮ ದೋಣಿಗೆ ದೀಪ ಇತ್ತಾ?

ಬೆಂಗ್ರೆ ಹುಡುಗ:
ತಂಡೇಲಣ್ಣ, ಮೀನುಗಾರಿಕೆ ಬೋಟಿಗೆ ಎಲ್ಲರೂ ದಾರಿ ಬಿಡಬೇಕು ಅಂತಾರಲ್ಲ?

ಹಳೇ ತಂಡೇಲ, ಮಲ್ಪೆ:
ಬಲೆ ನೀರಿನಲ್ಲಿದ್ದಾಗ ಮಾತ್ರ ತಮ್ಮ. ರಾತ್ರಿ ಟ್ರಾಲ್ ಎಳೆಯುವ ಬೋಟಿನ ಮೇಲೆ ಹಸಿರು ದೀಪ, ಅದರ ಕೆಳಗೆ ಬಿಳಿ ಇರುತ್ತದೆ. ಬಲೆ ಎತ್ತಿ ಮನೆಗೆ ಹೊರಟರೆ ಅದು ಬರೀ ಎಂಜಿನ್ ಬೋಟ್. ಇಕ್ಕಟ್ಟಿನ ಕಾಲುವೆಯಲ್ಲಂತೂ ಬಲೆ ಹಾಕಿದವರೂ ಹೋಗುವವರಿಗೆ ಅಡ್ಡಿ ಮಾಡುವಂತಿಲ್ಲ.

ಹೊಸ ದೋಣಿ, ಗಂಗೊಳ್ಳಿ:
ದೀಪ ಇರಲಿಲ್ಲ ಅಣ್ಣ. ಟಾರ್ಚ್ ಇತ್ತು, ಅದೂ ಚೀಲದಲ್ಲಿ. ಅವರಿಗೆ ನಾವು ಕಂಡಿದ್ದೇ ತೀರಾ ಹತ್ತಿರ ಬಂದಾಗ ಅಂತ ಈಗ ಅರ್ಥ ಆಗ್ತಿದೆ. ಲೈಫ್ ಜಾಕೆಟ್ ಎರಡೂ ಹಲಗೆ ಅಡಿಯಲ್ಲಿದ್ದವು. ಇವತ್ತು ಮಗನ ಅಳತೆಯ ಜಾಕೆಟ್ ತಂದೆ. ಕೆಂಪು, ಹಸಿರು, ಬಿಳಿ ದೀಪ ಕೂರಿಸುವ ತನಕ ಸಂಜೆ ಹೊತ್ತು ದೋಣಿ ಇಳಿಸುವುದಿಲ್ಲ. ಬೆಳಿಗ್ಗೆ ಆ ಬೋಟಿನ ತಂಡೇಲರನ್ನು ದಕ್ಕೆಯಲ್ಲಿ ಕಂಡು ಕ್ಷಮೆ ಕೇಳಿ ಬರ್ತೇನೆ.