ಥ್ರೆಡ್ ಕೂಡಿಸಿದ ಮೊತ್ತವನ್ನು ಮೇನ್‌ಗೆ ತಲುಪಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಸಿ ಭಾಷೆಯಲ್ಲಿ 10 ಲಕ್ಷ ಸಂಖ್ಯೆಗಳ ಅರೇಯನ್ನು ನಾಲ್ಕು ಥ್ರೆಡ್‌ಗಳಿಗೆ (ಒಂದೇ ಪ್ರೋಗ್ರಾಂನಲ್ಲಿ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳಿಗೆ) ಹಂಚಿ ಕೂಡಿಸುತ್ತಿದ್ದೇನೆ. ಪ್ರತಿ ಥ್ರೆಡ್ ತನ್ನ ಪಾಲಿನ ಮೊತ್ತವನ್ನು ಲೋಕಲ್ ವೇರಿಯಬಲ್‌ನಲ್ಲಿಟ್ಟು, ಅದರ ವಿಳಾಸವನ್ನು ಒಂದು ಪಾಯಿಂಟರ್ ಮೂಲಕ ರಿಟರ್ನ್ ಮಾಡುತ್ತದೆ. ಥ್ರೆಡ್ ಮುಗಿಯುವವರೆಗೆ ಕಾಯುವ ಪಿಥ್ರೆಡ್_ಜಾಯಿನ್ ಆದ ಮೇಲೆ ಮೇನ್‌ನಲ್ಲಿ ಓದಿದರೆ ಒಮ್ಮೆ ಸರಿಯಾದ ಉತ್ತರ, ಒಮ್ಮೆ ಕಸ, ಒಮ್ಮೊಮ್ಮೆ ಸೆಗ್ಮೆಂಟೇಶನ್ ಫಾಲ್ಟ್. ಜಾಯಿನ್ ಮಾಡುವುದು ತಡವಾಗುತ್ತಿದೆಯೇ?

ಉತ್ತರ: ಜಾಯಿನ್ ಪಾಪ, ಅದರ ತಪ್ಪೇನೂ ಇಲ್ಲ. ಲೋಕಲ್ ವೇರಿಯಬಲ್ ಇರುವುದು ಆ ಥ್ರೆಡ್‌ನ ಸ್ಟಾಕ್‌ನಲ್ಲಿ, ಅಂದರೆ ಅದರ ತಾತ್ಕಾಲಿಕ ಮೆಮೊರಿಯಲ್ಲಿ. ಫಂಕ್ಷನ್ ಮುಗಿಯಿತೆಂದರೆ ಆ ಜಾಗ ನಿಮ್ಮದಲ್ಲ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ, ಮುಗಿದ ಥ್ರೆಡ್‌ನ ಸ್ಟಾಕನ್ನು ಮುಂದಿನ ಥ್ರೆಡ್‌ಗೆಂದು ಇಟ್ಟುಕೊಳ್ಳುವುದೂ ಉಂಟು, ಕರ್ನೆಲ್‌ಗೆ ಮರಳಿಸುವುದೂ ಉಂಟು. ಇಟ್ಟುಕೊಂಡಿದ್ದರೆ ಹಳೆಯ ಮೊತ್ತವೋ ಕಸವೋ ಸಿಗುತ್ತದೆ. ಮರಳಿಸಿದ್ದರೆ ಪ್ರೋಗ್ರಾಂ ಬೀಳುತ್ತದೆ. ವಿಳಾಸವನ್ನು ನೇರವಾಗಿ ರಿಟರ್ನ್ ಮಾಡಿದ್ದರೆ ಜಿಸಿಸಿ ಕಂಪೈಲರ್ ಎಚ್ಚರಿಸುತ್ತಿತ್ತು. ನಡುವೆ ಪಾಯಿಂಟರ್ ಬಂದದ್ದರಿಂದ ಅದರ ಕಣ್ಣು ತಪ್ಪಿದೆ.

ಥ್ರೆಡ್ ಒಳಗೆ ಮ್ಯಾಲಾಕ್ ಮಾಡಿ (ಫ್ರೀ ಮಾಡುವವರೆಗೆ ಉಳಿಯುವ ಜಾಗ ಪಡೆದು) ಆ ವಿಳಾಸ ಕೊಡಬಹುದು. ಆಗ ಫ್ರೀ ಮಾಡುವ ಹೊಣೆ ಮೇನ್‌ನದು, ಅದನ್ನು ಮರೆಯುವವರೇ ಹೆಚ್ಚು. ಸ್ಟ್ಯಾಟಿಕ್ ವೇರಿಯಬಲ್ ಅಂತೂ ಬೇಡವೇ ಬೇಡ, ನಾಲ್ಕೂ ಥ್ರೆಡ್‌ಗಳು ಒಂದೇ ಜಾಗದಲ್ಲಿ ಬರೆಯುತ್ತವೆ.

ನಾನು ಮಾಡುವುದು ಹೀಗೆ: ಆರಂಭ, ಅಂತ್ಯ, ಮೊತ್ತ ಎಂಬ ಮೂರು ಸದಸ್ಯರ ಸ್ಟ್ರಕ್ಟ್. ಮೇನ್‌ನಲ್ಲಿ ಅಂಥ ನಾಲ್ಕರ ಅರೇ. ಪಿಥ್ರೆಡ್_ಕ್ರಿಯೇಟ್‌ನ ಕೊನೆಯ ಆರ್ಗ್ಯುಮೆಂಟ್ ಆಗಿ ಆಯಾ ಸ್ಟ್ರಕ್ಟ್‌ನ ವಿಳಾಸ. ಥ್ರೆಡ್ ಮೊತ್ತವನ್ನು ಅಲ್ಲೇ ಬರೆದು ನಲ್ ರಿಟರ್ನ್ ಮಾಡಲಿ. ಎಲ್ಲ ಜಾಯಿನ್ ಆಗುವವರೆಗೆ ಮೇನ್ ಮುಗಿಯುವುದಿಲ್ಲವಾದ್ದರಿಂದ ಆ ಅರೇ ಭದ್ರ. ಜಾಯಿನ್ ನಂತರ ಲಾಕ್ ಇಲ್ಲದೆ ಓದಬಹುದು. ಲೂಪ್‌ನ ‘ಐ’ ವಿಳಾಸವನ್ನು ಮಾತ್ರ ಕಳುಹಿಸಬೇಡಿ. ಥ್ರೆಡ್ ಓದುವಷ್ಟರಲ್ಲಿ ಅದರ ಬೆಲೆ ಬದಲಾಗಿರಬಹುದು.

ಮರುಪ್ರಶ್ನೆ: ಸರಿಹೋಯಿತು ಮೇಡಂ, ಧನ್ಯವಾದ. ಕೆಲಸ ಆಯಿತೋ ಇಲ್ಲವೋ ಎಂದು 0 ಅಥವಾ -1 ಹೇಳಲೂ ಸ್ಟ್ರಕ್ಟ್ ಬೇಕೇ? ಇಂಟ್ ಅನ್ನೇ ಕಾಸ್ಟ್ ಮಾಡಿ ಕಳುಹಿಸಬಾರದೇ?

ಉತ್ತರ: ಕಳುಹಿಸಬಹುದು, ಪಾಯಿಂಟರ್ ಹಿಡಿಸುವಷ್ಟು ದೊಡ್ಡ ಪೂರ್ಣಾಂಕ ಬಗೆಯಾದ ಇಂಟ್‌ಪಿಟಿಆರ್_ಟಿ ಮೂಲಕ ವಾಯ್ಡ್ ಪಾಯಿಂಟರ್‌ಗೆ ಕಾಸ್ಟ್ ಮಾಡಿ. ಎಡವುವುದು ಪಡೆಯುವ ಕಡೆ. ಇಂಟ್ ವೇರಿಯಬಲ್‌ನ ವಿಳಾಸವನ್ನೇ ಕಾಸ್ಟ್ ಮಾಡಿ ಜಾಯಿನ್‌ಗೆ ಕೊಟ್ಟರೆ, 64 ಬಿಟ್ ಲಿನಕ್ಸ್‌ನಲ್ಲಿ ಅದು 4 ಬೈಟ್‌ನ ಜಾಗಕ್ಕೆ 8 ಬೈಟ್ ಬರೆದು ಪಕ್ಕದ ವೇರಿಯಬಲ್ಲನ್ನೂ ಕೆಡಿಸುತ್ತದೆ. ವಾಯ್ಡ್ ಪಾಯಿಂಟರ್‌ನಲ್ಲೇ ಪಡೆದು ಆಮೇಲೆ ಕಾಸ್ಟ್ ಮಾಡಿ. -1 ಬದಲು 1 ಬಳಸಿ: ರದ್ದಾದ ಥ್ರೆಡ್‌ಗೆ ಜಾಯಿನ್ ಕೊಡುವ ಪಿಥ್ರೆಡ್_ಕ್ಯಾನ್ಸಲ್ಡ್ ಬೆಲೆ ಲಿನಕ್ಸ್‌ನಲ್ಲಿ -1 ಆಗಿರುವುದರಿಂದ ಎರಡನ್ನೂ ಬೇರ್ಪಡಿಸಲಾಗದು.